ಜಲಜನಕದೊಳಗಿನ ಕಿಡಿ



ಕನ್ನಡದಲ್ಲಿ ವಿಜ್ಞಾನ ಓದಿದರೆ ಮಕ್ಕಳ ಗತಿಯೇನೆಂದು ಪ್ರವೇಶದ ವೇಳೆ ನನ್ನನ್ನು ಕೇಳುವವರುಂಟು. ಅವರಿಗಾಗಿ ಒಂದು ಪ್ರಸಂಗ.

ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದಾಗ ಹತ್ತನೆಯ ತರಗತಿಗೆ ನಾನು ಹೋದೆ. ಅಧಿಕ ವೋಲ್ಟೇಜನ್ನು ಕ್ಷಣಾರ್ಧದಲ್ಲಿ ಹರಿಯಬಿಡುವ ‘ಸ್ಪಾರ್ಕ್ ಗ್ಯಾಪ್’ ಎಂಬ ಸ್ವಿಚ್ಚಿನ ವಿಷಯ ಹೇಳಿದೆ: ಎರಡು ಲೋಹದ ತುದಿಗಳು, ನಡುವೆ ಜಲಜನಕ; ಕಿಡಿ ಹಾರಿದೊಡನೆ ವಿದ್ಯುತ್ತು ಹರಿಯುತ್ತದೆ. ಹುಡುಗಿಯೊಬ್ಬಳು ಎದ್ದು, “ಟೀಚರ್, ಜಲಜನಕಕ್ಕೆ ಕಿಡಿ ತಗಲಿದರೆ ಸಿಡಿಯುವುದಿಲ್ಲವೇ?” ಎಂದಳು. ಕನ್ನಡ ಎಂ.ಎ. ಓದಿದ ನಾನು ನಿರುತ್ತರಳಾದೆ. ಉತ್ತರವನ್ನು ಓದಿ ತಿಳಿದು ಮರುದಿನ ಹೇಳಿದೆ.

ಉರಿಯಲು ಆಮ್ಲಜನಕ ಬೇಕು. ಮುಚ್ಚಿದ ಕೋಶದಲ್ಲಿ ಅದಿಲ್ಲ. ಕಿಡಿ ಆರಿದರೂ ಅನಿಲ ಬಿಸಿಯಾಗಿಯೇ ಇರುತ್ತದೆ. ತಣಿಯುವ ಮೊದಲೇ ವೋಲ್ಟೇಜು ಏರಿದರೆ ಬೇಡದ ಕಿಡಿ ಹಾರುತ್ತದೆ. ಜಲಜನಕದ ಅಣುಭಾರ 2, ಸಾರಜನಕದ್ದು 28. ಹಗುರವಾದ ಈ ಅಣುಗಳು ಗಾಳಿಗಿಂತ ಸುಮಾರು 7 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತವೆ. ಆದುದರಿಂದ ಸ್ವಿಚ್ಚು ಮುಂದಿನ ಕಿಡಿಗೆ ಬೇಗನೆ ಸಿದ್ಧವಾಗುತ್ತದೆ. ಆದರೆ ಸಮಾನ ಒತ್ತಡದಲ್ಲಿ ಜಲಜನಕವು ಗಾಳಿಯಷ್ಟು ವೋಲ್ಟೇಜನ್ನು ತಡೆಯಲಾರದು; ಒತ್ತಡ ಹೆಚ್ಚಿಸಿ ತುಂಬಬೇಕು.

“ಹಾಗಾದರೆ ಸೋರಿದರೆ?” ಎಂದು ಅವಳೇ ಮತ್ತೆ ಕೇಳಿದಳು. ಅಪಾಯವಿರುವುದು ಅಲ್ಲಿಯೇ, ಗಾಳಿಯೊಡನೆ ಬೆರೆತರೆ ತೀರ ಸಣ್ಣ ಕಿಡಿಯೂ ಸಾಕು. ಈ ಬಾರಿ ನನ್ನಲ್ಲಿ ಉತ್ತರವಿತ್ತು.