ಮನೆಮನೆಯ ನಿಸಿಧಿ: ಶೋಕ, ಶ್ರದ್ಧೆ ಮತ್ತು ಬರವಣಿಗೆ

(ದಶಲಕ್ಷಣ ಪರ್ವದ ಉತ್ತಮ ಸತ್ಯ ಧರ್ಮದ ದಿನದಂದು ಪುಣೆಯ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಾವು ಸಂಭವಿಸಿದ ಮನೆಗೆ ಹೋದಾಗ ನಾವು ಆಡುವ ಮಾತುಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. "ಅಳಬೇಡಿ, ಅತ್ತರೆ ಕರ್ಮಬಂಧ." "ಆರ್ತಧ್ಯಾನ ಮಾಡಬಾರದು." "ಆಯುಷ್ಯಕರ್ಮ ತೀರಿತು, ಅಷ್ಟೇ." ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಹೇಳುವ ತತ್ತ್ವವೂ ಸುಳ್ಳಲ್ಲ. ಇಷ್ಟವಾದುದು ಅಗಲಿದಾಗ ಮನಸ್ಸು ಅದನ್ನೇ ಮರಳಿ ಮರಳಿ ಬಯಸುತ್ತ ಕೊರಗುವುದನ್ನು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಪ್ರಕಾರಗಳಲ್ಲಿ ಒಂದೆಂದು ಎಣಿಸುತ್ತದೆ. ಆದರೆ ಈ ಉಪದೇಶ ಕೇಳಿದ ಮೇಲೆ ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಎರಡು ಭಾರ ಬೀಳುತ್ತದೆ: ಒಂದು ಶೋಕ, ಇನ್ನೊಂದು ಶೋಕಿಸುವುದೇ ಪಾಪವೆಂಬ ಭಯ. ಅವಳು ಅಳುವುದನ್ನು ಬಿಡುವುದಿಲ್ಲ. ನಮ್ಮೆದುರಿಗೆ ಅಳುವುದನ್ನು ಬಿಡುತ್ತಾಳೆ.

ಶೋಕದ ಬಾಯಿ ಮುಚ್ಚಿಸುವುದು ನಮ್ಮ ಪರಂಪರೆಯ ಮಾರ್ಗವಾಗಿರಲಿಲ್ಲ ಎಂಬುದೇ ಇಂದಿನ ನನ್ನ ನಿವೇದನೆ. ನಮ್ಮ ಹಿರಿಯರು ಶೋಕಕ್ಕೆ ಕಥೆಯನ್ನು ಕೊಟ್ಟರು, ಅಕ್ಷರವನ್ನು ಕೊಟ್ಟರು, ಕಲ್ಲನ್ನೂ ಕೊಟ್ಟರು.

ವಿಮಲಸೂರಿ ಮತ್ತು ರವಿಷೇಣಾಚಾರ್ಯರ ರಾಮಕಥೆಯನ್ನು ನೋಡಿ. ಲಕ್ಷ್ಮಣನು ಮೃತನಾದಾಗ ರಾಮನು ಅದನ್ನು ಒಪ್ಪುವುದಿಲ್ಲ. ತಮ್ಮನ ದೇಹವನ್ನು ಹೆಗಲ ಮೇಲೆ ಹೊತ್ತು ಆರು ತಿಂಗಳು ಅಲೆಯುತ್ತಾನೆ. ಆತ ಬಲಭದ್ರ, ಅದೇ ಜನ್ಮದಲ್ಲಿ ಮೋಕ್ಷಕ್ಕೆ ಹೋಗುವ ಜೀವ; ಅಂಥವನ ಶೋಕವನ್ನು ಪುರಾಣಕಾರರು ಮರೆಮಾಚಲಿಲ್ಲ. ಅವನನ್ನು ಎಚ್ಚರಿಸಲು ಬಂದ ದೇವತೆಗಳು ಉಪದೇಶ ಮಾಡುವುದೂ ಇಲ್ಲ. ಅವನ ಕಣ್ಣೆದುರಿಗೆ ಒಣಗಿದ ಮರಕ್ಕೆ ನೀರು ಹಾಕುತ್ತಾರೆ, ಎಣ್ಣೆಗಾಗಿ ಮರಳನ್ನು ಹಿಂಡುತ್ತಾರೆ. "ಇದೆಂಥ ಮೂಢತನ" ಎಂದು ರಾಮನೇ ಕೇಳುವಂತೆ ಮಾಡುತ್ತಾರೆ. ಉತ್ತರ ಅವನೊಳಗಿನಿಂದಲೇ ಹುಟ್ಟುತ್ತದೆ. ಒಂದು ದೃಶ್ಯ, ಒಂದು ರೂಪಕ ಮಾಡಿದ ಕೆಲಸವಿದು.

ನಮ್ಮ ಕನ್ನಡದ ವಡ್ಡಾರಾಧನೆಯ ಹಿನ್ನೆಲೆಯೂ ಹೀಗೆಯೇ. ಅದರ ಹತ್ತೊಂಬತ್ತು ಕಥೆಗಳಿಗೆ ಆಧಾರವಾದ ಗಾಹೆಗಳು ಭಗವತೀ ಆರಾಧನೆಯಲ್ಲಿ ಬರುತ್ತವೆ. ಅವು ಬರುವ ಅಧಿಕಾರದ ಹೆಸರು 'ಕವಚ'. ಸಲ್ಲೇಖನವನ್ನು ಸ್ವೀಕರಿಸಿ ಮಲಗಿದ ಕ್ಷಪಕನಿಗೆ ಹಸಿವು, ನೋವು, ಭೀತಿಗಳು ಮುತ್ತಿದಾಗ ಹಿಂದಿನವರ ಕಥೆಗಳನ್ನು ಹೇಳಿ ಅವನ ಮನಸ್ಸಿಗೆ ಕವಚ ತೊಡಿಸಬೇಕೆಂಬುದು ಅಲ್ಲಿಯ ಆಶಯ. ಕನ್ನಡದ ಮೊದಲ ಗದ್ಯಕೃತಿಗಳ ಸಾಲಿನಲ್ಲಿ ನಿಲ್ಲುವ ಗ್ರಂಥ ಹುಟ್ಟಿದ್ದು ಸಾವಿನ ಹಾಸಿಗೆಯ ಪಕ್ಕದಲ್ಲಿ ಹೇಳುವ ಕಥೆಗಳಿಂದ ಎಂಬುದನ್ನು ನಾವು ಮರೆತಿದ್ದೇವೆ.

ಇನ್ನು ಕಲ್ಲಿನ ಮಾತು. ಶ್ರವಣಬೆಳಗೊಳದ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಗಣನೀಯ ಭಾಗ ನಿಸಿಧಿಗಳದ್ದು. ಚಿಕ್ಕಬೆಟ್ಟದಲ್ಲಿ ಸುಮಾರು ಏಳನೆಯ ಶತಮಾನದ ನಂದಿಸೇನ ಮುನಿಯ ಶಾಸನವಿದೆ. ಸಂಪತ್ತು, ರೂಪ, ವೈಭವಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ತೋರಿ ಮರೆಯಾಗುವುದನ್ನು ಅದು ಹೇಳುತ್ತದೆ. ಒಬ್ಬ ಮುನಿಯ ಮರಣವನ್ನು ದಾಖಲಿಸಲು ಹೊರಟ ಕೈ ಕನ್ನಡದ ಅತ್ಯಂತ ಹಳೆಯ ಸುಂದರ ಪದ್ಯಗಳಲ್ಲಿ ಒಂದನ್ನು ಬರೆಯಿತು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನು ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮಿಗೂ ಅದೇ ಬೆಟ್ಟದಲ್ಲಿ ನಿಸಿಧಿ ನಿಲ್ಲಿಸಿದನು. ಸೇನೆ ನಡೆಸಿದವನಿಗೂ ತನ್ನವರ ಹೆಸರನ್ನು, ಗುಣವನ್ನು ಬರೆಯಿಸದೆ ಸಮಾಧಾನವಾಗಲಿಲ್ಲ.

ಅತ್ತಿಮಬ್ಬೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಪತಿ ನಾಗದೇವನು ತೀರಿಕೊಂಡಾಗ ಅವನ ಇನ್ನೊಬ್ಬ ಪತ್ನಿಯೂ ತನ್ನ ತಂಗಿಯೂ ಆದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಉಳಿದಳು, ಮಗನನ್ನು ಸಾಕಿದಳು, ವ್ರತಗಳನ್ನು ನಡೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. ದುಃಖವನ್ನು ಅಕ್ಷರಸೇವೆಯಾಗಿ ಪರಿವರ್ತಿಸಿದ ಆ ಮಹಿಳೆಯನ್ನು 'ದಾನಚಿಂತಾಮಣಿ' ಎಂದು ಕೊಂಡಾಡುತ್ತೇವೆ. ಅದೇ ನಾವು, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ಮಂಗಳಕಾರ್ಯದಲ್ಲಿ ಹಿಂದಿನ ಸಾಲಿಗೆ ಸರಿಸುತ್ತೇವೆ. ಅತ್ತಿಮಬ್ಬೆಯ ವಂಶದವರೆಂದು ಹೇಳಿಕೊಳ್ಳುವ ಸಮಾಜಕ್ಕೆ ಇದು ಶೋಭೆಯೇ? ಇನ್ನೂ ಒಂದು ಮಾತು. ಅವಳ ಬಾಳನ್ನು ರನ್ನ ಬರೆದ, ಶಾಸನಕಾರ ಬರೆದ. ಆ ದಿನಗಳ ಬಗ್ಗೆ ಅವಳದೇ ಮಾತು ನಮಗೆ ಉಳಿದಿಲ್ಲ. ಸಾವಿರ ವರ್ಷಗಳ ಬಳಿಕವಾದರೂ ನಮ್ಮ ತಾಯಂದಿರ ಮಾತು ಅವರ ಕೈಯಿಂದಲೇ ಬರಲಿ.

ಇಂದು ನಾವು ಏನು ಬರೆಯುತ್ತಿದ್ದೇವೆ? ಪತ್ರಿಕೆಯ ಮೂಲೆಯಲ್ಲಿ ಒಂದು ಭಾವಚಿತ್ರ, ಜನನ ಮರಣದ ದಿನಾಂಕ, 'ಧರ್ಮಪರಾಯಣರು, ದಾನಶೂರರು' ಎಂಬ ಸಿದ್ಧ ಮಾತು, ಕೆಳಗೆ ದುಃಖತಪ್ತ ಕುಟುಂಬದವರ ಹೆಸರುಗಳು. ಆ ನಾಲ್ಕು ಸಾಲುಗಳಲ್ಲಿ ಹೋದವರು ಯಾರೂ ಆಗಿರಬಹುದು. ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿ ನಳಿಕೆಗಳ ನಡುವೆ ಪ್ರಾಣ ಬಿಟ್ಟವರಿಗೂ 'ಸಮಾಧಿಮರಣ' ಎಂದು ಅಚ್ಚು ಹಾಕಿಸುವ ರೂಢಿ ಅಲ್ಲಲ್ಲಿ ಬೆಳೆದಿದೆ. ಉತ್ತಮ ಸತ್ಯದ ದಿನ ಇದನ್ನು ಹೇಳಲೇಬೇಕು: ಸುಳ್ಳು ಬರಹದಿಂದ ಸಾಂತ್ವನ ಸಿಗುವುದಿಲ್ಲ. 2020 ಮತ್ತು 2021ರಲ್ಲಿ ಎಷ್ಟೋ ಮನೆಗಳವರಿಗೆ ತಮ್ಮವರ ಮುಖದರ್ಶನವೂ ಆಗಲಿಲ್ಲ, ಕಿವಿಯಲ್ಲಿ ಪಂಚನಮಸ್ಕಾರ ಹೇಳುವ ಅವಕಾಶವೂ ಸಿಗಲಿಲ್ಲ. "ಕೊನೆಯ ಗಳಿಗೆಯಲ್ಲಿ ಣಮೋಕಾರ ಕೇಳಿಸಲಿಲ್ಲ" ಎಂಬ ಮುಳ್ಳು ಇಂದಿಗೂ ಹಲವರ ಎದೆಯಲ್ಲಿದೆ. ಅದನ್ನು ಹೇಳಿಕೊಳ್ಳಲು ಸಮಾಜ ಯಾವ ಜಾಗ ಕೊಟ್ಟಿದೆ?

"ಬರೆಯುವುದೂ ಆರ್ತಧ್ಯಾನವೇ ಅಲ್ಲವೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ಅದೇ ಒಂಬತ್ತನೆಯ ಅಧ್ಯಾಯ ಸ್ವಾಧ್ಯಾಯದ ಐದು ಬಗೆಗಳನ್ನು ಹೇಳುವಾಗ ಅನುಪ್ರೇಕ್ಷೆಯನ್ನು ಸೇರಿಸುತ್ತದೆ. ಅಂದರೆ ಮತ್ತೆ ಮತ್ತೆ ನೋಡುವುದು, ಮಥಿಸುವುದು. ಅನಿತ್ಯ, ಅಶರಣ, ಸಂಸಾರ, ಏಕತ್ವ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳನ್ನೇ ವಸ್ತುವಾಗಿಸಿ ಬಂಧುವರ್ಮನು 'ಜೀವಸಂಬೋಧನೆ'ಯೆಂಬ ಕಾವ್ಯ ಬರೆದ. ಆರ್ತಧ್ಯಾನವೂ ಅನುಪ್ರೇಕ್ಷೆಯೂ ಒಂದೇ ನೆನಪಿನಿಂದ ಹೊರಡುತ್ತವೆ. "ಅವನು ಹೋಗಬಾರದಿತ್ತು" ಎಂಬಲ್ಲೇ ಸುತ್ತುತ್ತಿದ್ದರೆ ಅದು ಆರ್ತಧ್ಯಾನ. "ಅವನು ಹೀಗಿದ್ದ, ಈಗಿಲ್ಲ, ನಾನೂ ಒಂದು ದಿನ ಇರುವುದಿಲ್ಲ" ಎಂದು ನಡೆಯತೊಡಗಿದರೆ ಅದು ಅನುಪ್ರೇಕ್ಷೆ. ತಲೆಯೊಳಗಿನ ಸುತ್ತಾಟವನ್ನು ವಾಕ್ಯವಾಗಿಸಲು ಹೊರಟವರು ಒಂದು ವಾಕ್ಯ ಮುಗಿಸಿ ಮುಂದಿನದಕ್ಕೆ ಹೋಗಲೇಬೇಕು. ಬರವಣಿಗೆಯ ಉಪಕಾರ ಅದು.

ಆದರೂ ಇದನ್ನು ಸರ್ವರೋಗಕ್ಕೆ ಮದ್ದೆಂದು ಮಾರಬಾರದು. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಹೋದ್ಯೋಗಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ತಮ್ಮ ಬದುಕಿನ ಆಘಾತಗಳನ್ನು ಬರೆದರು. ಘಟನೆಯನ್ನೂ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ 2002ರಲ್ಲಿ ಸ್ಟ್ರೋಬೆ ಮತ್ತು ಸಂಗಡಿಗರು ಸಂಗಾತಿಯನ್ನು ಕಳೆದುಕೊಂಡವರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರೇ ಕುಳಿತು ಬರೆದುದರಿಂದ ಶೋಕ ಬೇಗ ಶಮನವಾಗುವುದು ಕಾಣಲಿಲ್ಲ. ಇದರಿಂದ ನಾನು ಕಲಿಯುವ ಪಾಠ ಇಷ್ಟು: ಬರೆದ ಹಾಳೆ ಪೆಟ್ಟಿಗೆಯಲ್ಲೇ ಉಳಿದರೆ ಸಾಲದು, ಕೇಳುವ ಸಂಘ ಬೇಕು. ತಿಂಗಳುಗಟ್ಟಲೆ ನಿದ್ರೆ, ಆಹಾರ ಬಿಟ್ಟವರಿಗೆ, ಬದುಕೇ ಬೇಡವೆನ್ನುವವರಿಗೆ ಮನೋವೈದ್ಯರ ನೆರವು ಬೇಕು. ಅಲ್ಲಿ ತಡಮಾಡುವುದು ಹಿಂಸೆಯೇ ಸರಿ.

ಆದುದರಿಂದ ಒಂದು ಸಲಹೆ. ತಿಂಗಳಿಗೊಮ್ಮೆ ಸ್ವಾಧ್ಯಾಯ ಮುಗಿದ ಮೇಲೆ ಒಂದು ಗಂಟೆ, ಎಂಟು ಹತ್ತು ಮಂದಿ ಕೂಡೋಣ. ಪ್ರತಿಯೊಬ್ಬರೂ ತಮ್ಮವರೊಬ್ಬರ ಬಗ್ಗೆ ಒಂದು ಪುಟ ಬರೆಯಲಿ. ಗುಣವಿಶೇಷಣ ಬೇಡ, ಸಂಗತಿ ಬರಲಿ. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಲು ಅಪ್ಪ ಕಚೇರಿಯಿಂದ ಯಾವ ಲೋಕಲ್ ಹಿಡಿಯುತ್ತಿದ್ದರು? ಅಷ್ಟಮಿ, ಚತುರ್ದಶಿಗಳಂದು ಹಸಿರು ತರಕಾರಿ ಬಿಟ್ಟು ಅಮ್ಮ ಯಾವ ಸಾರು ಮಾಡುತ್ತಿದ್ದರು? ಯಾವ ಮಾತಿಗೆ ಸಿಟ್ಟಾಗುತ್ತಿದ್ದರು? ಅವರ ದೋಷವನ್ನೂ ಪ್ರೀತಿಯಿಂದ ಬರೆಯಬಹುದು. ಓದಲೇಬೇಕೆಂಬ ಒತ್ತಾಯ ಬೇಡ. ಓದಿದ್ದನ್ನು ತಿದ್ದುವುದು ಬೇಡ. ಬರೆದವರ ಒಪ್ಪಿಗೆಯಿಲ್ಲದೆ ಅದು ವಾಟ್ಸಾಪ್ ಗುಂಪಿಗೆ ಹೋಗಬಾರದು. ಕನ್ನಡ ಮಾತು ಬಂದರೂ ಅಕ್ಷರ ಬಾರದ ಮಕ್ಕಳಿದ್ದಾರೆ. ಅಜ್ಜಿ ಹೇಳಲಿ, ಮೊಮ್ಮಗಳು ದೇವನಾಗರಿಯಲ್ಲಾದರೂ ಬರೆದುಕೊಳ್ಳಲಿ, ಆಮೇಲೆ ಇಬ್ಬರೂ ಕೂತು ಕನ್ನಡ ಲಿಪಿಗೆ ತರಲಿ. ಊರಿಂದ ದೂರವಿರುವ ನಮಗೆ ದುಃಖ ಬರುವುದು ಕನ್ನಡದಲ್ಲೇ, ಸಾಂತ್ವನ ಮಾತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಸಿಗುತ್ತದೆ. ಆ ಅಂತರವನ್ನು ಇಂಥ ಒಂದು ಪುಟ ತುಂಬಬಲ್ಲದು.

ಪರ್ವದ ಕೊನೆಗೆ ಕ್ಷಮಾವಣಿ ಬರುತ್ತದೆ. ಬದುಕಿರುವವರ ಬಳಿ ಕ್ಷಮೆ ಕೇಳುತ್ತೇವೆ. ಕೇಳುವ ಮೊದಲೇ ಹೋದವರಿಗೆ? ಅವರಿಗೊಂದು ಪತ್ರ ಬರೆಯಿರಿ. ಅದು ಅವರನ್ನು ತಲುಪುತ್ತದೆಂದು ನಾನು ಹೇಳಲಾರೆ. ನಮ್ಮ ಸಿದ್ಧಾಂತದ ಪ್ರಕಾರ ಆ ಜೀವ ಆಗಲೇ ಬೇರೆ ಗತಿಗೆ ಹೋಗಿದೆ; ಪಿಂಡವಾಗಲಿ ಪತ್ರವಾಗಲಿ ಅಲ್ಲಿಗೆ ಮುಟ್ಟದು. ಬರೆದವರ ಕಷಾಯ ತುಸು ತೆಳುವಾದರೆ ಪತ್ರದ ಕೆಲಸ ಆದಂತೆ.

ಕೊನೆಯದಾಗಿ, ಇದು ಕೇವಲ ಮನೆಯೊಳಗಿನ ವಿಷಯವಲ್ಲ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಹೊರಗಿನವರು ಆತ್ಮಹತ್ಯೆ ಎಂದರು, ನಾವು ಮೃತ್ಯುಮಹೋತ್ಸವ ಎಂದು ಮೆರವಣಿಗೆ ಹೊರಟೆವು. ಹಾಸಿಗೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತ ಮಗಳು ಕಂಡದ್ದೇನು, ಅವಳಿಗೆ ಹೆಮ್ಮೆಯಾಯಿತೋ ಸಂಕಟವಾಯಿತೋ, ಎರಡೂ ಆಯಿತೋ ಎಂದು ಎರಡೂ ಕಡೆಯವರು ಕೇಳಲಿಲ್ಲ. ಅವಳ ಸತ್ಯವಾದ ಒಂದು ಪುಟ ನಮ್ಮ ಘೋಷಣೆಗಳಿಗಿಂತ ಹೆಚ್ಚು ಧರ್ಮಪ್ರಭಾವನೆ ಮಾಡುತ್ತದೆ. ನಾವು ತಿದ್ದಿಕೊಳ್ಳಬೇಕಾದುದೇನಾದರೂ ಇದ್ದರೆ ಅದನ್ನೂ ತೋರಿಸುತ್ತದೆ.

ಮುಂದಿನ ಸಲ ಸಾವಿನ ಮನೆಗೆ ಹೋದಾಗ "ಅಳಬೇಡಿ" ಎನ್ನುವ ಬದಲು "ಅವರ ಬಗ್ಗೆ ಹೇಳಿ" ಎನ್ನೋಣ. ಅವರು ಹೇಳಿದ್ದನ್ನು ಕೇಳೋಣ, ಬರೆದಿಡಲು ಕೈಜೋಡಿಸೋಣ. ಬೆಟ್ಟದ ಬಂಡೆ ಎಲ್ಲರಿಗೂ ಸಿಗದು. ನೂರು ಪುಟದ ನೋಟುಪುಸ್ತಕ ಎಲ್ಲ ಮನೆಗಳಲ್ಲೂ ಇದೆ.