ಬಾಲ ನೋಡಿ ದಡ ಹೇಳಿ

ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗಿಬಂದ ನಮ್ಮವರೆಲ್ಲ ಹೇಳುವುದು ಒಂದೇ ಮಾತು: 'ಥೇಟ್ ಚಿಕ್ಕಮಗಳೂರು!' ಕಾಫಿ, ಮೆಣಸಿನ ಬಳ್ಳಿ, ಸಿಲ್ವರ್ ಓಕ್ ಸಾಲು, ಕಣ್ಣಿಗೆ ಹಾಗೆಯೇ ಕಾಣುತ್ತದೆ. ಆದರೆ ಕಾಫಿ ಇಥಿಯೋಪಿಯಾದ ಗಿಡ, ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಎರಡೂ ಕಡೆ ತಂದು ನೆಟ್ಟವರು ಮನುಷ್ಯರು. ತೋಟ ನೋಡಿ ಸೀಮೆ ಗುರುತಿಸಬಾರದು. ನಸುಕಿನಲ್ಲೆದ್ದು ಕಾಡುಕೋಳಿಯ ಕೂಗು ಕೇಳಬೇಕು.

ಅರಕುವಿನ ಕಾಡಿನಲ್ಲಿರುವುದು ಕೆಂಪು ಕಾಡುಕೋಳಿ. ಕೂಗು ಹಿತ್ತಲ ಹುಂಜದ್ದೇ, ಕೊನೆ ಮಾತ್ರ ಮೊಟಕು. ನಮ್ಮ ಬಂಡೀಪುರದ್ದು, ಮಲೆನಾಡಿನದು ಬೂದು ಕಾಡುಕೋಳಿ. ಅದರ ಕೂಗೇ ಬೇರೆ. ಪೂರ್ವದಲ್ಲಿ ಸ್ಥೂಲವಾಗಿ ಗೋದಾವರಿಯೇ ಇವೆರಡರ ಗಡಿ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕೋಳಿ. ಆದರೆ ಸಾಕುಕೋಳಿಯ ಹಳದಿ ಚರ್ಮದ ಜೀನ್ ಬಂದದ್ದು ಬೂದು ಕೋಳಿಯಿಂದ ಎಂದು 2008ರಲ್ಲಿ ತಿಳಿಯಿತು. ಕಾಡಿನಲ್ಲಿ ಗಡಿ ಕಾಯ್ದುಕೊಂಡವು ನಮ್ಮ ಹಿತ್ತಲಿನಲ್ಲಿ ಬೀಗರಾದವು!

ಇನ್ನು ಕೋತಿಗಳ ಗಡಿ ನೋಡಲು ಕೃಷ್ಣೆಯ ದಡದ ವಿಜಯವಾಡಕ್ಕೆ ಬರೋಣ. 1852ರಲ್ಲಿ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಲಂಡನ್ನಿನಲ್ಲಿ ಅಮೆಜಾನ್ ಮಂಗಗಳ ಬಗ್ಗೆ ಪ್ರಬಂಧ ಓದಿದ. ಹಿರಿಹೊಳೆಯ ಒಂದು ದಡದಲ್ಲಿರುವ ಜಾತಿ ಎದುರು ದಡದಲ್ಲಿಲ್ಲ. ಮೂಲದತ್ತ ಹೋದಂತೆ ಹೊಳೆ ಕಿರಿದಾಗಿ ಗಡಿಯೂ ಅಳಿಸಿಹೋಗುತ್ತದೆ ಎಂದ. ಅದಕ್ಕೆ ಅಮೆಜಾನ್ ಏಕೆ, ನಮ್ಮ ಕೃಷ್ಣೆ ಸಾಲದೆ? ದಕ್ಷಿಣದ ಟೊಪ್ಪಿ ಕೋತಿಗೂ ಉತ್ತರದ ರೀಸಸ್ ಕೋತಿಗೂ ಗೋದಾವರಿ ಗಡಿ ಎಂದು ಹಿಂದೆ ಬರೆಯುತ್ತಿದ್ದರು. 1981ರಲ್ಲಿ ಪ್ರಾಣಿವಿಜ್ಞಾನಿ ಜಾಕ್ ಫೂಡನ್ ಮತ್ತು ಸಂಗಡಿಗರು ಅದನ್ನು ತಿದ್ದಿ, ಪೂರ್ವದಲ್ಲಿ ಕೃಷ್ಣೆ, ಪಶ್ಚಿಮದಲ್ಲಿ ತಾಪಿ ಎಂದರು. ಅಂದರೆ ಇಲ್ಲಿ ಗಡಿಯಾದ ಕೃಷ್ಣೆ ತಾನು ಹುಟ್ಟುವ ಮಹಾಬಳೇಶ್ವರದಲ್ಲಿ ಗಡಿಯಲ್ಲ. ಅಲ್ಲಿ ಎರಡೂ ದಡ ಟೊಪ್ಪಿ ಕೋತಿಯದೇ.

ಈಚೆಗೆ ರೀಸಸ್ ಕೃಷ್ಣೆ ದಾಟಿ ದಕ್ಷಿಣಕ್ಕೆ ಹಬ್ಬುತ್ತಿದೆ. ಊರಿನಲ್ಲಿ ಕಾಟ ಕೊಡುತ್ತವೆಂದು ಹಿಡಿದ ಕೋತಿಗಳನ್ನು ಗಾಡಿಗೆ ತುಂಬಿ ದೂರದಲ್ಲಿ ಬಿಟ್ಟುಬರುವುದೂ ಇದಕ್ಕೊಂದು ಕಾರಣ. ರೀಸಸ್ ಬಂದು ನೆಲೆಸಿದಲ್ಲಿ ಟೊಪ್ಪಿ ಕೋತಿ ಜಾಗ ಖಾಲಿ ಮಾಡುತ್ತದೆ. ರೀಸಸ್‌ಗೇನು, ಅಫ್ಘಾನಿಸ್ತಾನದಿಂದ ಚೀನಾದವರೆಗೆ ನೆಲೆಯಿದೆ. ಟೊಪ್ಪಿ ಕೋತಿಗೆ ನಮ್ಮ ಈ ದಕ್ಷಿಣ ಭಾಗ ಬಿಟ್ಟರೆ ಬೇರೆ ಊರಿಲ್ಲ.

ಮುಂದಿನ ಸಲ ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಆಸುಪಾಸಿನಲ್ಲಿ ಕೋತಿ ಕಂಡರೆ ಬಾಲ ನೋಡಿ. ಮೈಯಷ್ಟೋ ಮೈಗಿಂತಲೋ ಉದ್ದವಿದ್ದರೆ ಟೊಪ್ಪಿ ಕೋತಿ. ಮೈಯ ಅರ್ಧದಷ್ಟಿದ್ದರೆ ರೀಸಸ್. ಬಾಳೆಹಣ್ಣು ಮಾತ್ರ ಎರಡಕ್ಕೂ ಕೊಡಬೇಡಿ.