ಬೋರ್ಡೋ ದ್ರಾಕ್ಷಿಸೀಮೆಯ ಪಯಣ

ಮಲೆನಾಡಿನ ಅಡಕೆಯ ತೋಟಗಳಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಒಬ್ಬರನ್ನೊಬ್ಬರು ಕೇಳುವ ಮಾತೊಂದುಂಟು: "ಬೋರ್ಡೋ ಹೊಡೆದಾಯಿತೆ?" ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು, ಹದವರಿತು ಬೆರೆಸಿ ಗೊನೆಗಳಿಗೆ ಸಿಂಪಡಿಸಿದರೆ ಕೊಳೆರೋಗ ತಡೆಯುತ್ತದೆಂಬುದು ಅಲ್ಲಿ ಶಾಲೆಯ ಹುಡುಗರಿಗೂ ಗೊತ್ತು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಅಡಕೆಯ ಕೊಳೆರೋಗವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಈ ಮದ್ದನ್ನು ನಮ್ಮ ರೈತರಲ್ಲಿ ಬಳಕೆಗೆ ತಂದರು. ಆದರೆ ಬೋರ್ಡೋ ಎಂಬುದು ಮೂಲತಃ ಮದ್ದಿನ ಹೆಸರಲ್ಲ. ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಒಂದು ಊರಿನ ಹೆಸರು.

ಆ ಊರಿನ ಸುತ್ತ ಕಣ್ಣು ಹಾಯುವಷ್ಟು ದೂರ ದ್ರಾಕ್ಷಿಯ ಬಳ್ಳಿಗಳೇ. ದಾರಿಹೋಕರು ಗೊಂಚಲುಗಳನ್ನು ಕಿತ್ತು ತಿನ್ನದಿರಲೆಂದು ತೋಟದವರು ರಸ್ತೆಯ ಬದಿಯ ಸಾಲುಗಳಿಗೆ ಮೈಲುತುತ್ತ ಸುಣ್ಣಗಳ ನೀರನ್ನು ಚಿಮುಕಿಸಿಡುತ್ತಿದ್ದರು. ನೀಲಿ ಬಣ್ಣ ಕಂಡು ವಿಷವೆಂದು ಯಾರೂ ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ಬಳ್ಳಿಗಳಿಗೆ ಬೂಷ್ಟುರೋಗ ತಗುಲಿತು. ಒಳಗಿನ ಬಳ್ಳಿಗಳ ಎಲೆಯೆಲ್ಲ ಉದುರಿದರೂ ರಸ್ತೆಯ ಬದಿಯ ಸಾಲುಗಳು ಹಸುರಾಗಿಯೇ ಉಳಿದುವು. ಅಲ್ಲಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಿಲಾರ್ದೆ ಇದನ್ನು ಗಮನಿಸಿ, ಪ್ರಯೋಗ ಮಾಡಿ, ೧೮೮೫ರಲ್ಲಿ ಲೋಕಕ್ಕೆ ತಿಳಿಸಿದನು. ಕಳ್ಳರಿಗೆ ಹೆದರಿ ಮಾಡಿದ ಉಪಾಯ ರೋಗಕ್ಕೆ ಮದ್ದಾಯಿತು. ದ್ರಾಕ್ಷಿಗಾಗಿ ಹುಟ್ಟಿದ ಮದ್ದು ನಮ್ಮ ಅಡಕೆಯನ್ನೂ ಕಾಯಿತು.

ಈಗ ಹೊರದೇಶಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕರೆಸಿಕೊಂಡು ನಾಡು ತೋರಿಸುವುದು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ. ಪ್ಯಾರಿಸಿಗೆ ಹೋದವರು ಅಲ್ಲಿಂದ ಬೋರ್ಡೋಗೂ ಹೋಗಿಬರಬಹುದು. ೨೦೧೭ರಿಂದ ವೇಗದ ರೈಲಿನಲ್ಲಿ ಅದು ಎರಡು ಗಂಟೆಗಳಿಗೆ ತುಸು ಮಿಕ್ಕ ಹಾದಿ. ಆದರೆ ದ್ರಾಕ್ಷಿಮದ್ಯದ ಸೀಮೆ ಎಂದೊಡನೆ ಮನೆಯ ಹಿರಿಯರು ಹಿಂಜರಿಯುತ್ತಾರೆ. "ಕುಡಿಯದವರಿಗೆ ಅಲ್ಲೇನು ಕೆಲಸ?" ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಮೊದಲು ಉತ್ತರ ಹೇಳಿ ಮುಂದುವರಿಯುವುದು ಮೇಲು.

ಮದ್ಯವು ದೇಹಕ್ಕೆ ಹಿತವೆಂದು ನಾನು ಹೇಳುವವನಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಮಿತಿ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸ್ಪಷ್ಟವಾಗಿ ಸಾರಿದೆ. ಫ್ರೆಂಚರು ತಾವೇ ಕುಡಿಯುವುದನ್ನು ಬಹಳ ಕಡಮೆ ಮಾಡಿದ್ದಾರೆ. ೧೯೬೦ರ ಸುಮಾರಿಗೆ ತಲೆಗೆ ಬೀಳುತ್ತಿದ್ದುದರ ಮೂರನೆಯ ಒಂದು ಪಾಲು ಈಗ ಉಳಿದಿದೆ. ಆದರೆ ಒಂದು ಬೆಳೆಯನ್ನು ನೋಡುವುದು ಬೇರೆ, ಅದರ ಮತ್ತಿಗೆ ಸಿಲುಕುವುದು ಬೇರೆ. ಚಹಾ ಕುಡಿಯದವನೂ ನೀಲಗಿರಿಯ ತೋಟಗಳನ್ನು ನೋಡಿ ಸಂತೋಷಪಡುವುದಿಲ್ಲವೆ? ಎರಡು ಸಾವಿರ ವರ್ಷಗಳಿಂದ ಒಂದೇ ಬೆಳೆಯ ಸುತ್ತ ಜನ ಬಾಳನ್ನು ಕಟ್ಟಿಕೊಂಡ ಬಗೆಯನ್ನು ಕಾಣಲು ಬಟ್ಟಲನ್ನು ಎತ್ತಲೇಬೇಕೆಂಬ ನಿಯಮವಿಲ್ಲ.

ಮೊದಲು ನೆಲವನ್ನು ತಿಳಿಯೋಣ. ದಕ್ಷಿಣದಿಂದ ಗರೋನ್ ನದಿ, ಪೂರ್ವದಿಂದ ದೊರ್ದೋನ್ಯ ನದಿ ಹರಿದು ಬಂದು ಒಂದಾಗಿ, ಜಿರೋಂದ್ ಎಂಬ ಹೆಸರಿನ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಎಡದಂಡೆಯ ಮೇದೋಕ್ ಸೀಮೆಯಲ್ಲಿ ನೆಲವೆಂಬುದು ಬರಿಯ ಗರಸುಕಲ್ಲು. ನಮ್ಮ ರೈತರು ಕಂಡರೆ ಇದೇನು ಬೆಳೆದೀತು ಎನ್ನುತ್ತಾರೆ. ಆದರೆ ನೀರು ನಿಲ್ಲದ ಆ ಕಲ್ಲು ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ನೀರಿಗಾಗಿ ಬೇರು ಆಳಕ್ಕಿಳಿಯುತ್ತದೆ. ತಡವಾಗಿ ಮಾಗುವ ಕಾಬೆರ್ನೆ ಸೋವಿನ್ಯೋಂ ಎಂಬ ಜಾತಿಗೆ ಇದೇ ಹಿತ. ಬಲದಂಡೆಯ ಸಾಂತೆಮಿಲಿಯೋಂ ಕಡೆ ಸುಣ್ಣಕಲ್ಲು ಮತ್ತು ಜೇಡಿ. ಅಲ್ಲಿ ಬೇಗ ಮಾಗುವ ಮೆರ್ಲೋ ಜಾತಿಗೆ ಪ್ರಾಧಾನ್ಯ. ಈ ಎರಡು ದಂಡೆಗಳ ಭೇದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಯಣದ ಅರ್ಧ ಯೋಜನೆ ಮುಗಿದಂತೆ.

ಮದ್ಯವನ್ನು ಹಣ್ಣಿನ ಜಾತಿಯಿಂದಲ್ಲದೆ ಊರಿನ ಹೆಸರಿನಿಂದ ಕರೆಯುವುದು ಅಲ್ಲಿಯ ರೂಢಿ. ಇಂಥ ಹೆಸರನ್ನು ಇಂಥ ಸೀಮೆಯ ಹಣ್ಣಿಗೆ ಮಾತ್ರ ಇಡಬೇಕೆಂಬ ಕಟ್ಟಳೆ ೧೯೩೫ರ ಕಾನೂನಿನಿಂದ ರಾಷ್ಟ್ರಕ್ಕೆಲ್ಲ ಬಂದಿತು. ಇದು ನಮಗೆ ಹೊಸದೇನೂ ಅಲ್ಲ. ಕಾಪಿಶೀ ನಗರದಲ್ಲಿ ಹುಟ್ಟಿದುದಕ್ಕೆ ಕಾಪಿಶಾಯನ ಎಂಬ ರೂಪ ಸಿದ್ಧಿಸಲೆಂದು ಪಾಣಿನಿ ಒಂದು ಸೂತ್ರವನ್ನೇ ಮಾಡಿದ್ದಾನೆ. ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆಗಳು ಅಲ್ಲಿಯ ಮಧು ಮತ್ತು ದ್ರಾಕ್ಷಿ. ದ್ರಾಕ್ಷಿಯ ರಸದ ಮಧುವಿಗೆ ಅದರ ದೇಶವೇ ಹೆಸರು ಕೊಡುತ್ತದೆ ಎಂಬ ಅಭಿಪ್ರಾಯ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಉಂಟು. ಇಂದು ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತಿರುವ ಭೌಗೋಳಿಕ ಗುರುತಿನ ಮನ್ನಣೆಯೂ ಇದೇ ತತ್ತ್ವದ ಮೇಲೆ ನಿಂತಿದೆ.

ಯೋಜನೆ ಹಾಕುವವರು ಮೊದಲು ಎಡವುವುದು ದೊಡ್ಡ ಹೆಸರುಗಳಲ್ಲಿ. ೧೮೫೫ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ತೋಟಗಳನ್ನು ಐದು ತರಗತಿಗಳಾಗಿ ವಿಂಗಡಿಸಿದರು. ಅವರಿಗೆ ಆಧಾರವಾದುದು ಮುಖ್ಯವಾಗಿ ಪೇಟೆಯ ಬೆಲೆ. ಆಮೇಲೆ ಮೇಲ್ದರ್ಜೆಗೆ ಏರಿದ ತೋಟ ಒಂದೇ. ಮುತೋಂ ರೋಚೀಲ್ಡ್ ಎಂಬುದು ೧೯೭೩ರಲ್ಲಿ ಎರಡನೆಯ ತರಗತಿಯಿಂದ ಒಂದನೆಯದಕ್ಕೆ ಬಂದಿತು. ಒಮ್ಮೆ ಹಾಕಿದ ದರ್ಜೆಪಟ್ಟಿ ನೂರೆಪ್ಪತ್ತು ವರ್ಷ ಹೆಚ್ಚುಕಡಮೆ ಹಾಗೆಯೇ ನಿಂತರೆ ಅದನ್ನು ಎಷ್ಟು ನಂಬಬೇಕೆಂಬುದನ್ನು ಉಪಾಧ್ಯಾಯರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲದೆ ಮೊದಲ ತರಗತಿಯ ತೋಟಗಳು ಸಾಮಾನ್ಯ ಪ್ರವಾಸಿಗಳಿಗೆ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಗೇಟಿನ ಮುಂದೆ ಚಿತ್ರ ತೆಗೆಸಿಕೊಂಡು ಬರುವುದಕ್ಕಿಂತ, ಒಡೆಯನೇ ಎದುರು ಬಂದು ತನ್ನ ಕಸಿಬಳ್ಳಿಯನ್ನು ತೋರಿಸುವ ಸಣ್ಣ ತೋಟಕ್ಕೆ ಹೋಗುವುದು ಸಾರ್ಥಕ.

ಕಾಲದ ಮಾತು. ಮೇ ಜೂನ್ ತಿಂಗಳುಗಳಲ್ಲಿ ಬಳ್ಳಿ ಹೂಬಿಡುತ್ತದೆ, ಹವೆ ಹಿತವಾಗಿರುತ್ತದೆ, ತೋಟದವರಿಗೆ ಮಾತನಾಡಲು ಪುರಸೊತ್ತಿರುತ್ತದೆ. ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಸುಗ್ಗಿ. ಸುಗ್ಗಿ ನೋಡಲು ಚೆಲುವು ನಿಜ; ಆದರೆ ಕಣದಲ್ಲಿ ರಾಶಿಯಿರುವಾಗ ನೆಂಟರು ಬಂದರೆ ರೈತನಿಗೆ ಹೇಗೋ ಅಲ್ಲಿಯೂ ಹಾಗೆಯೇ. ಆಗಸ್ಟಿನಲ್ಲಿಯೂ ಭಾನುವಾರಗಳಲ್ಲಿಯೂ ಅನೇಕ ತೋಟಗಳು ಮುಚ್ಚಿರುತ್ತವೆ. ಯಾವ ಕಾಲವಾದರೂ ಸರಿಯೆ, ಹೇಳದೆ ಹೋಗುವಂತಿಲ್ಲ. ಕೆಲವು ವಾರಗಳ ಮುಂಚೆಯೇ ಬರೆದು ಗೊತ್ತುಮಾಡಿಕೊಳ್ಳಬೇಕು.

ದಿನಕ್ಕೆ ಎರಡು ತೋಟ ಸಾಕು. ಮೂರಾದರೆ ಮೊದಲನೆಯದು ಮರೆತುಹೋಗುತ್ತದೆ. ಮೂರು ದಿನಗಳಿದ್ದರೆ ಹೀಗೆ ಹಂಚಬಹುದು. ಮೊದಲ ದಿನ ಮೇದೋಕ್: ಮಾರ್ಗೋ, ಸಾಂ ಜೂಲಿಯಾಂ ಗ್ರಾಮಗಳ ಮೂಲಕ ಸುಮಾರು ೫೦ ಕಿಲೋಮೀಟರು ದೂರದ ಪೋಯಾಕ್ ವರೆಗೆ. ಅಲ್ಲಿಯ ನೆಲಮಾಳಿಗೆಗಳಲ್ಲಿ ಓಕ್ ಮರದ ಪೀಪಾಯಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಅಳತೆ ೨೨೫ ಲೀಟರು, ಎಂದರೆ ೩೦೦ ಸೀಸೆ. ಎರಡನೆಯ ದಿನ ಸಾಂತೆಮಿಲಿಯೋಂ, ಸುಮಾರು ೪೦ ಕಿಲೋಮೀಟರು. ಒಂದೇ ಬಂಡೆಯನ್ನು ಕೊರೆದು ಮಾಡಿದ ದೊಡ್ಡ ದೇವಾಲಯ ಅಲ್ಲಿದೆ. ಎಲ್ಲೋರದ ಕೈಲಾಸವನ್ನು ನೋಡಿದವರಿಗೆ ಅದರ ಶ್ರಮ ಅರ್ಥವಾದೀತು. ಆ ಊರೂ ಸುತ್ತಣ ತೋಟಗಳೂ ೧೯೯೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮೂರನೆಯ ದಿನ ದಕ್ಷಿಣದ ಸೋತೆರ್ನ್. ತಣ್ಣನೆಯ ಸಿರೋಂ ಹೊಳೆ ಬೆಚ್ಚನೆಯ ಗರೋನಿಗೆ ಸೇರುವಲ್ಲಿ ಶರತ್ಕಾಲದ ಬೆಳಗ್ಗೆ ಮಂಜು ಏಳುತ್ತದೆ. ಮಂಜಿನಿಂದ ಹಣ್ಣಿಗೆ ಒಂದು ಬಗೆಯ ಬೂಷ್ಟು ಹಿಡಿದು ನೀರು ಆರಿ ಸಿಹಿ ಗಟ್ಟಿಯಾಗುತ್ತದೆ. ಕೊಯ್ಲಿನವರು ಅದೇ ಸಾಲಿಗೆ ಮತ್ತೆ ಮತ್ತೆ ಬಂದು ಹದವಾದ ಹಣ್ಣನ್ನಷ್ಟೆ ಆಯುತ್ತಾರೆ. ಮೇದೋಕಿನಲ್ಲಿ ಶತ್ರುವಾದ ಬೂಷ್ಟು ಇಲ್ಲಿ ಮಿತ್ರ!

ಇನ್ನು ಮಾರ್ಗದರ್ಶಿ. ತಾವೇ ಕಾರು ನಡೆಸಿ ನೋಡೋಣವೆಂದು ಹುಡುಗರು ಹೇಳಿಯಾರು. ರುಚಿ ನೋಡುವವನು ಚಕ್ರ ಹಿಡಿಯಬಾರದು. ಇದರಲ್ಲಿ ರಾಜಿ ಕೂಡದು. ಫ್ರಾನ್ಸಿನ ಕಾನೂನಿನ ಮಿತಿ ನೂರು ಮಿಲಿಲೀಟರು ರಕ್ತದಲ್ಲಿ ೫೦ ಮಿಲಿಗ್ರಾಂ. ನಮ್ಮ ದೇಶದಲ್ಲಿ ೩೦. ಆದರೆ ಅಪಘಾತ ಕಾನೂನಿನ ಅಂಕಿಗಾಗಿ ಕಾಯುವುದಿಲ್ಲ. ಆದುದರಿಂದ ವಾಹನ ಸಮೇತ ಖಾಸಗಿ ಮಾರ್ಗದರ್ಶಿಯನ್ನು ಗೊತ್ತುಮಾಡುವುದು ಬರಿಯ ಸುಖಕ್ಕಲ್ಲ, ಕ್ಷೇಮಕ್ಕೆ. ಸಾಮಾನ್ಯವಾಗಿ ದರ ವಾಹನಕ್ಕೇ ಹೊರತು ತಲೆಗಲ್ಲವಾದ ಕಾರಣ ನಾಲ್ಕು ಜನ ಕೂಡಿದರೆ ಹೊರೆ ಹಗುರವಾಗುತ್ತದೆ.

ಹಣ ಕೊಡುವ ಮೊದಲು ಐದು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ಪರವಾನೆ, ವಿಮೆ ಇವೆಯೆ? ತೋಟಗಳ ಪ್ರವೇಶಧನ, ಮಧ್ಯಾಹ್ನದ ಊಟ ದರದಲ್ಲಿ ಸೇರಿವೆಯೆ? ಯಾವ ಯಾವ ತೋಟ ಎಂಬುದು ಖಚಿತವಾಗಿದೆಯೆ? ಕಾರಣಾಂತರದಿಂದ ಹೋಗಲಾಗದಿದ್ದರೆ ಎಷ್ಟು ಹಣ ಹಿಂದಕ್ಕೆ ಬರುತ್ತದೆ? ಕೊನೆಯದು, ಮಾರ್ಗದರ್ಶಿಗೆ ಯಾವುದಾದರೂ ತೋಟದ ಸೀಸೆಗಳ ಮಾರಾಟದಿಂದ ಪಾಲು ಉಂಟೆ? ಈ ಕೊನೆಯ ಪ್ರಶ್ನೆಗೆ ನಗುತ್ತ ನೇರವಾಗಿ ಉತ್ತರ ಕೊಡುವವನು ನಂಬಿಕೆಗೆ ಅರ್ಹ. ನಮ್ಮ ಕಡೆಯಿಂದಲೂ ಮುಚ್ಚುಮರೆಯಿರಬಾರದು. ನಮ್ಮಲ್ಲಿ ಸಸ್ಯಾಹಾರಿಗಳೆಷ್ಟು, ಮದ್ಯ ಮುಟ್ಟದವರೆಷ್ಟು, ಮೆಟ್ಟಿಲಿಳಿಯಲಾಗದ ಹಿರಿಯರಿದ್ದಾರೆಯೆ ಎಂಬುದನ್ನು ಮೊದಲೇ ತಿಳಿಸಬೇಕು. ಸಸ್ಯಾಹಾರವೆಂದರೆ ಮೀನೂ ಮಾಂಸದ ಸಾರೂ ಇಲ್ಲದ್ದು ಎಂದು ಬಿಡಿಸಿಯೇ ಹೇಳಬೇಕು.

ಮರ್ಯಾದೆಯ ಸಂಗತಿಯೊಂದುಂಟು. ರುಚಿ ನೋಡುವ ಮೇಜಿನ ಬಳಿ ಪೀಕದಾನಿಯಂಥ ಪಾತ್ರೆಯನ್ನಿಟ್ಟಿರುತ್ತಾರೆ. ಬಾಯಲ್ಲಿ ಆಡಿಸಿ ಅದರಲ್ಲಿ ಉಗುಳುವುದು ಅಲ್ಲಿ ಅವಮಾನವಲ್ಲ. ವೃತ್ತಿಯಲ್ಲಿ ನುರಿತವರೆಲ್ಲ ಮಾಡುವುದು ಹಾಗೆಯೇ. ಏನೂ ಮುಟ್ಟದೆ, ಬಣ್ಣ ನೋಡಿ, ಪರಿಮಳ ಮೂಸಿ, ಕೈಮುಗಿದು ಹಿಂತಿರುಗಿಸಿದರೂ ತಪ್ಪಿಲ್ಲ. ಮನೆಯ ಮಕ್ಕಳು ಮಾತ್ರ "ಇಷ್ಟು ದೂರ ಬಂದು ಒಂದು ಗುಟುಕಾದರೂ ಬೇಡವೆ, ಅಪ್ಪಾಜಿ?" ಎಂದು ಹಿರಿಯರನ್ನು ಒತ್ತಾಯಪಡಿಸಬಾರದು. ಮಕ್ಕಳ ರುಚಿಯನ್ನು ಹಿರಿಯರೂ ಎಲ್ಲರೆದುರು ಹೀಗಳೆಯಬಾರದು. ಒಂದು ಕಾರಿನಲ್ಲಿ ಮೂರು ದಿನ ಒಟ್ಟಿಗೆ ಕೂರುವವರಿಗೆ ಈ ಒಪ್ಪಂದ ಮನೆ ಬಿಡುವ ಮೊದಲೇ ಆಗಿರಬೇಕು.

ದ್ರಾಕ್ಷಿಯ ಹೊರತು ನೋಡಬೇಕಾದುವೂ ಇವೆ. ಲಾ ಬ್ರೇದ್ ಎಂಬಲ್ಲಿ ಮೋಂತೆಸ್ಕ್ಯೂ ಹುಟ್ಟಿದ ಕೋಟೆಮನೆ ಇದೆ. ಶಾಸನ, ಆಡಳಿತ, ನ್ಯಾಯ ಈ ಮೂರು ಅಧಿಕಾರಗಳು ಒಂದೇ ಕೈಯಲ್ಲಿ ಇರಬಾರದೆಂದು ೧೭೪೮ರಲ್ಲಿ ಬರೆದ ಆತನೂ ದ್ರಾಕ್ಷಿಯ ತೋಟಗಳ ಒಡೆಯನೇ. ಬೋರ್ಡೋ ನಗರದ ಅಕಿತೇನ್ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ. ಆ ಬಂದರಿನ ಹಡಗುಗಳು ಒಂದು ಲಕ್ಷಕ್ಕಿಂತ ಹೆಚ್ಚು ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸಿದ ಕಥೆಯನ್ನು ೨೦೦೯ರಿಂದ ಅಲ್ಲಿ ಮರೆಮಾಚದೆ ತೋರಿಸುತ್ತಿದ್ದಾರೆ. ನದೀತೀರದ ಅಂದವಾದ ಮಹಲುಗಳನ್ನು ನೋಡಿದವರು ಆ ಸಂಪತ್ತಿನ ಒಂದು ಭಾಗ ಎಲ್ಲಿಂದ ಬಂದಿತೆಂಬುದನ್ನೂ ತಿಳಿಯುವುದು ನ್ಯಾಯ.

ಆ ಸೀಮೆ ಈಗ ನೆಮ್ಮದಿಯಿಂದಿಲ್ಲ ಎಂಬುದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರ ಎಂಬ ಅಮೆರಿಕದ ಹೇನು ಬೇರುಗಳನ್ನು ತಿಂದು ತೋಟಗಳನ್ನು ಹಾಳುಗೆಡವಿತು. ಆ ಹೇನನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೇ ತಮ್ಮ ಬಳ್ಳಿಯನ್ನು ಕಸಿಕಟ್ಟಿ ರೈತರು ಬದುಕಿಕೊಂಡರು. ಈಗ ಬಂದಿರುವ ಕಷ್ಟಕ್ಕೆ ಅಂಥ ಕಸಿಯಿಲ್ಲ. ಕೊಳ್ಳುವವರು ಕಡಮೆಯಾಗಿದ್ದಾರೆ, ಹವಾಮಾನ ಏರುಪೇರಾಗಿದೆ. ೨೦೨೩ರಿಂದೀಚೆಗೆ ಸರ್ಕಾರದ ನೆರವು ಪಡೆದು ಸಾವಿರಾರು ಹೆಕ್ಟೇರುಗಳ ಬಳ್ಳಿಯನ್ನು ಬೆಳೆದವರೇ ಕಿತ್ತುಹಾಕಿದ್ದಾರೆ. ಅಜ್ಜ ನೆಟ್ಟುದನ್ನು ಮೊಮ್ಮಗ ಕೀಳುವ ಸಂಕಟ ಏನೆಂಬುದನ್ನು ರೋಗಕ್ಕೆ ತೋಟ ಕಳೆದುಕೊಂಡ ನಮ್ಮ ಅಡಕೆಯ ಬೆಳೆಗಾರರು ಬಲ್ಲರು. ಕುಡಿಯುವವರು ಕಡಮೆಯಾದುದು ಲೋಕಕ್ಕೆ ಒಳಿತೇ ಇರಬಹುದು. ಅದರ ಬೆಲೆಯನ್ನು ತೆರುತ್ತಿರುವವನು ಮಾತ್ರ ಸಣ್ಣ ಹಿಡುವಳಿಯ ರೈತ.

ಆದುದರಿಂದ ಮಾರ್ಗದರ್ಶಿಗೆ ಬರೆಯುವ ಮೊದಲ ಪತ್ರದಲ್ಲಿಯೇ ಒಂದು ವಾಕ್ಯ ಸೇರಿಸಿರಿ: ದೊಡ್ಡ ಹೆಸರಿನ ಒಂದು ಮಹಲು ಸಾಕು, ಉಳಿದಂತೆ ನೆಲ ಉಳುವವರ ಮನೆಗೆ ನಮ್ಮನ್ನು ಕರೆದೊಯ್ಯಿರಿ ಎಂದು. ಅಂಥ ಮನೆಯ ಅಂಗಳದಲ್ಲಿ, ಮೈಲುತುತ್ತದ ನೀಲಿ ಕಲೆ ಹತ್ತಿದ ಎಲೆಯೊಂದನ್ನು ಕಂಡಾಗ, ನಮ್ಮ ಊರಿನಲ್ಲಿಯೂ ಇದೇ ಮದ್ದನ್ನು ಹೊಡೆಯುತ್ತಾರೆ, ಅದನ್ನು ನಿಮ್ಮ ಊರಿನ ಹೆಸರಿನಿಂದಲೇ ಕರೆಯುತ್ತಾರೆ ಎಂದು ಹೇಳಿರಿ. ಆಮೇಲೆ ಮಾತು ತಾನಾಗಿ ಬೆಳೆಯುತ್ತದೆ.